ಬಿರುಕು ಹೇಳುವ ಚರಿತ್ರೆ

ನಿಂತಿರುವ ಲಾರಿಯ ಹಿಂದಿನ ಚಕ್ರಗಳ ನಡುವೆ ಬಗ್ಗಿ ನೋಡಿದರೆ ದುಂಡನೆಯ ದೊಡ್ಡ ಉಬ್ಬೊಂದು ನಿಮಗೆ ಕಾಣುತ್ತದೆ. ಅದರೊಳಗಿರುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್. ವಾಹನ ತಿರುವಿನಲ್ಲಿ ಸಾಗುವಾಗ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಕ್ರಮಿಸಬೇಕಲ್ಲವೇ? ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶ ಕೊಟ್ಟು, ಎಂಜಿನ್ನಿನ ಬಲವನ್ನು ಅವಕ್ಕೆ ಹಂಚುವುದು ಇದರ ಕೆಲಸ. ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ 1828ರಲ್ಲಿ ಉಗಿಬಂಡಿಗಾಗಿ ಇಂಥ ಸಾಧನಕ್ಕೆ ಪೇಟೆಂಟ್ ಪಡೆದ.

ಇಂಗ್ಲೆಂಡಿನ ಕವೆಂಟ್ರಿಯ ಟ್ರಯಂಫ್ ಕಂಪನಿ 1953ರಿಂದ ಮಾರಿದ ಟಿ.ಆರ್. ಸ್ಪೋರ್ಟ್ಸ್ ಕಾರುಗಳಲ್ಲಿಯೂ ಮೊದಲು ಲಾರಿಯದೇ ಪದ್ಧತಿಯಿತ್ತು. ಡಿಫರೆನ್ಷಿಯಲ್ ಹಿಂದಿನ ಆಕ್ಸಲ್‌ನ ಒಳಗಿದ್ದು, ಅದರೊಂದಿಗೇ ಏರಿಳಿಯುತ್ತಿತ್ತು. 1965ರ ಟಿ.ಆರ್.4ಎ ಮಾದರಿಯಲ್ಲಿ ಹಿಂದಿನ ಎರಡು ಚಕ್ರಗಳೂ ಸ್ವತಂತ್ರವಾಗಿ ಏರಿಳಿಯುವ ವ್ಯವಸ್ಥೆ ಬಂತು. ಹಳ್ಳದಿಣ್ಣೆಯ ರಸ್ತೆಯಲ್ಲಿ ಪಯಣ ಹಿತವಾಯಿತು. ಆದರೆ ಡಿಫರೆನ್ಷಿಯಲ್ ಈಗ ಚಾಸಿಗೇ ಅಂಟಿಕೊಳ್ಳಬೇಕಾಯಿತು. ಚಾಸಿಯ ಅಡ್ಡಪಟ್ಟಿಗಳಿಂದ ಇಳಿದ ನಾಲ್ಕು ಉಕ್ಕಿನ ಕಡ್ಡಿಗಳು, ರಬ್ಬರ್ ಬುಷ್‌ಗಳ ನಡುವೆ ಅದರ ಭಾರವನ್ನೆಲ್ಲ ಹೊತ್ತವು.

ಭಾರವೊಂದೇ ಆಗಿದ್ದರೆ ತೊಂದರೆಯಿರಲಿಲ್ಲ. ನ್ಯೂಟನ್ನನ ಮೂರನೆಯ ನಿಯಮವನ್ನು ನೀವು ಓದಿದ್ದೀರಿ. ಡಿಫರೆನ್ಷಿಯಲ್ ಚಕ್ರಗಳನ್ನು ಮುಂದಕ್ಕೆ ತಿರುಗಿಸಿದಾಗ, ಅದರ ಪೆಟ್ಟಿಗೆಯ ಮೂತಿ ಮೇಲಕ್ಕೆದ್ದು ಹಿಂದಕ್ಕೆ ಉರುಳಲು ಯತ್ನಿಸುತ್ತದೆ. ಎಂಜಿನ್ನಿನಿಂದ ಬರುವ ಶಾಫ್ಟ್ ತನ್ನ ತಿರುಚುಬಲದಿಂದ ಪೆಟ್ಟಿಗೆಯ ಬಲಬದಿಯನ್ನು ಮೇಲಕ್ಕೆ ತಳ್ಳುತ್ತದೆ. ಎರಡೂ ಬಲಗಳು ಒಂದಾಗುವುದು ಮುಂಬದಿಯ ಬಲಗಡೆಯ ಕಡ್ಡಿಯಲ್ಲಿ. ಕ್ಲಚ್ ಬಿಟ್ಟಾಗಲೆಲ್ಲ ಅದಕ್ಕೊಂದು ಹೊಡೆತ! ಹೆಚ್ಚಾಗಿ ಬಿರುಕು ಬಿಡುವುದು ಅಲ್ಲಿಯೇ.

1967ರಲ್ಲಿ ಟಿ.ಆರ್.5 ಬಂದಾಗ ನಾಲ್ಕು ಸಿಲಿಂಡರಿನ ಎಂಜಿನ್ ಹೋಗಿ 2,498 ಸಿ.ಸಿ.ಯ ಆರು ಸಿಲಿಂಡರಿನದು ಬಂತು. ಶಕ್ತಿ 104 ಅಶ್ವಶಕ್ತಿಯಿಂದ, ಕಂಪನಿಯ ಲೆಕ್ಕದಂತೆ, 150ಕ್ಕೇರಿತು. ಚಾಸಿಯ ಮೂಲ ವಿನ್ಯಾಸ ಮಾತ್ರ ಹೆಚ್ಚು ಬದಲಾಗಲಿಲ್ಲ. ಅದೇ ಚೌಕಟ್ಟಿನ ಮೇಲೆ ಟಿ.ಆರ್.6 ಕೂಡ 1976ರವರೆಗೆ ತಯಾರಾಯಿತು. ಎಂಜಿನ್ ಬೆಳೆಯಿತು, ಆಸರೆ ಬೆಳೆಯಲಿಲ್ಲ.

ದುರಸ್ತಿಯಲ್ಲಿ ಈ ಚರಿತ್ರೆಯನ್ನು ಕಣ್ಣಾರೆ ಕಾಣಬಹುದು. ಕಾರು ಹೊರಟಾಗ ಹಿಂದಿನಿಂದ "ಧಡ್" ಎಂಬ ಸದ್ದು ಕೇಳಿದರೆ ಮೆಕಾನಿಕ್ ಮೊದಲು ಈ ಕಡ್ಡಿಗಳನ್ನು ಪರೀಕ್ಷಿಸುತ್ತಾನೆ. ಪೆಟ್ರೋಲ್ ಟ್ಯಾಂಕನ್ನು ತೆಗೆದು, ಡಿಫರೆನ್ಷಿಯಲ್ ಇಳಿಸಿ, ತುಕ್ಕು ಬಣ್ಣಗಳನ್ನು ಕೆರೆದರೆ ಕಡ್ಡಿಯ ಬುಡದ ತಗಡು ಹರಿದಿರುವುದು ಗೋಚರಿಸುತ್ತದೆ. ಹರಿದಲ್ಲಿ ಬರಿದೇ ವೆಲ್ಡಿಂಗ್ ಮಾಡಿದರೆ ಸಾಲದು. ಅದೇ ಹೊಡೆತ ಪಕ್ಕದಲ್ಲಿ ಮತ್ತೆ ಬಿರುಕು ತರಬಹುದು. ಆದ್ದರಿಂದ ಬುಡದ ಸುತ್ತ ಉಕ್ಕಿನ ತಗಡುಗಳನ್ನು ಬೆಸೆದು, ಪೆಟ್ಟಿಗೆಯಂತೆ ಮುಚ್ಚಿ, ಬಲವನ್ನು ವಿಶಾಲ ಜಾಗಕ್ಕೆ ಹಂಚುತ್ತಾರೆ. ಹೊಸ ರಬ್ಬರ್ ಬುಷ್‌ಗಳನ್ನು ಹಾಕುತ್ತಾರೆ.

ಕಾರ್ಖಾನೆ ಹಾಕದ ತಗಡನ್ನು ಹಳೆಯ ಕಾರಿಗೆ ಸೇರಿಸಿದರೆ ಅದರ ಮೂಲರೂಪ ಕೆಡುವುದಿಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಸ್ತುಸಂಗ್ರಹಾಲಯದಲ್ಲಿ ನಿಲ್ಲುವ ಕಾರಿಗೆ ಅದು ಬೇಡವಾಗಬಹುದು. ರಸ್ತೆಗಿಳಿಯುವ ಕಾರಿನಲ್ಲಿ ಮನುಷ್ಯರಿರುತ್ತಾರೆ. ಅಲ್ಲಿ ಸುರಕ್ಷತೆಯೇ ಮೊದಲು. ಆದರೆ ಬೆಸುಗೆಗೆ ಮುನ್ನ ಬಿರುಕಿನ ಚಿತ್ರ ತೆಗೆದು, ಅಳತೆಗಳನ್ನು ಬರೆದಿಡಬೇಕು. ಕಾಗದದ ದಾಖಲೆಗಳು ಎಂಜಿನ್ನಿನ ಹೆಚ್ಚಿದ ಶಕ್ತಿಯನ್ನು ಹೇಳುತ್ತವೆ. ಆ ಶಕ್ತಿಯನ್ನು ಹೊತ್ತವರು ಯಾರು ಎಂಬುದನ್ನು ಹೇಳುವುದು ಈ ಬಿರುಕು ಮಾತ್ರ.