ಮಂಗಳೂರಿನ ಹೆಂಚು ಮತ್ತು ಕಾಂಕ್ರೀಟಿನ ತಾರಸಿ

ಮಂಗಳೂರಿಗೆ ಪ್ರವಾಸ ಬಂದವರು ಸಂತ ಅಲೋಶಿಯಸ್ ಕಾಲೇಜಿನ ಚಾಪೆಲನ್ನು ತಪ್ಪದೆ ನೋಡುತ್ತಾರೆ. ಇಟಲಿಯ ಆಂಟೋನಿಯೋ ಮೊಸ್ಕೆನಿ 1899ರಿಂದ 1901ರ ಅವಧಿಯಲ್ಲಿ ಅಲ್ಲಿ ರಚಿಸಿದ ಚಿತ್ರಗಳು ನೋಡತಕ್ಕವೇ ಸರಿ. ಆದರೆ ಈ ಬಂದರು ಪಟ್ಟಣವು ಕಟ್ಟಡಗಳ ಇತಿಹಾಸಕ್ಕೆ ಕೊಟ್ಟ ದೊಡ್ಡ ಕೊಡುಗೆಯೆಂದರೆ ಜನಸಾಮಾನ್ಯರ ಮನೆಯ ಮಾಡಿನ ಮೇಲಿರುವ ಕೆಂಪು ಹೆಂಚು ಎಂಬುದು ನನ್ನ ಅಭಿಪ್ರಾಯ.

1799ರಲ್ಲಿ ಟಿಪ್ಪುವಿನ ಪತನಾನಂತರ ಈ ಕರಾವಳಿ ಬ್ರಿಟಿಷರ ವಶವಾಯಿತು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಮತಾಂತರಗೊಂಡವರು ತಮ್ಮ ಕುಲಕಸುಬನ್ನೂ ಆಸರೆಯನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಅವರಿಗೆ ಉದ್ಯೋಗ ಕಲ್ಪಿಸುವುದು ಮಿಷನ್ನಿಗೆ ಅನಿವಾರ್ಯವಾಯಿತು. ನೇಯ್ಗೆ ಮತ್ತು ಮುದ್ರಣದ ಬೆನ್ನಿಗೇ, 1865ರಲ್ಲಿ, ಜಾರ್ಜ್ ಪ್ಲೆಬ್‌ಸ್ಟ್ ಎಂಬವರ ಪ್ರಯತ್ನದಿಂದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ನೇತ್ರಾವತಿ, ಗುರುಪುರ ನದಿಗಳ ಜೇಡಿಮಣ್ಣು, ಒಲೆಗೆ ಕಾಡಿನ ಸೌದೆ, ಸಾಗಾಟಕ್ಕೆ ನದಿ ಮತ್ತು ಬಂದರು ಎಲ್ಲವೂ ಕೈಯಳತೆಯಲ್ಲೇ ಇದ್ದವು. 1868ರಲ್ಲಿ ಆಲ್ಬುಕರ್ಕ್ ಕುಟುಂಬದವರು ತಮ್ಮದೇ ಕಾರ್ಖಾನೆಯನ್ನು ತೆರೆದರು. ಮುಂದೆ ಮಂಗಳೂರು ಹೆಂಚು ಹಡಗುಗಳಲ್ಲಿ ದೂರದ ಬಂದರುಗಳಿಗೂ ಹೋಯಿತು.

ಅದುವರೆಗೆ ಬಡವರ ಮನೆಗೆ ಮುಳಿಹುಲ್ಲು ಅಥವಾ ತೆಂಗಿನ ಮಡಲೇ ಗತಿ. ಮತ್ತೆ ಮತ್ತೆ ಹೊಸದಾಗಿ ಹೊದಿಸಬೇಕು. ಬೆಂಕಿಯ ಭಯ ಬೇರೆ. ಹೊಸ ಹೆಂಚಿನ ಅಂಚುಗಳಲ್ಲಿ ಗಾಡಿಗಳಿದ್ದು ಒಂದರೊಳಗೊಂದು ಕೂಡಿಕೊಳ್ಳುತ್ತಿದ್ದವು. ಅಡಿಯ ಮೂಗು ರೀಪನ್ನು ಹಿಡಿದುಕೊಳ್ಳುತ್ತಿತ್ತು. ಮಳೆಯ ನೀರು ಜಾರಿಹೋಗುತ್ತಿತ್ತು. ಒಳಗಿನ ಬಿಸಿಗಾಳಿ ಸಂದುಗಳಿಂದ ಹೊರಹೋಗುತ್ತಿತ್ತು. ಒಂದು ಒಡೆದರೆ ಆ ಒಂದನ್ನೇ ಬದಲಿಸಿದರಾಯಿತು. ಕಚೇರಿ, ಶಾಲೆ, ದೇವಸ್ಥಾನ, ಇಗರ್ಜಿ, ಬೀಡಿನ ಮನೆ, ಒಕ್ಕಲಿನ ಮನೆ ಎಲ್ಲಕ್ಕೂ ಅದೇ ಹೆಂಚು. ಪರಕೀಯರ ಆಡಳಿತದಲ್ಲಿ ಹುಟ್ಟಿದ ವಸ್ತುವೊಂದು ಹೀಗೆ ನಮ್ಮದೇ ಆಗಿಹೋಯಿತು.

1974ರಲ್ಲಿ ಪಣಂಬೂರಿನ ಹೊಸ ಬಂದರು ಕಾರ್ಯಾರಂಭ ಮಾಡಿತು. ನಗರ ಬೆಳೆಯಿತು, ಜಾಗದ ಬೆಲೆ ಏರಿತು, ಬಹುಮಹಡಿ ಕಟ್ಟಡಗಳು ಎದ್ದವು. ಹತ್ತು ಮಹಡಿಯ ಕಟ್ಟಡವನ್ನು ಮುರಕಲ್ಲಿನಲ್ಲಿ ಕಟ್ಟಲಾಗದು. ಕಾಂಕ್ರೀಟನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆದರೆ ಹಿತ್ತಲು ತೋಟಗಳಿರುವ ಒಂಟಿಮನೆಗೂ ಚಪ್ಪಟೆ ತಾರಸಿಯೇ ಬೇಕೆಂಬ ಹಂಬಲ ಏಕೋ ತಿಳಿಯದು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ತಾರಸಿ ಸೋರತೊಡಗುತ್ತದೆ. ಬಳಿಕ ಅದರ ಮೇಲೆ ಕಬ್ಬಿಣದ ಕಂಬಗಳನ್ನು ನೆಟ್ಟು ತಗಡಿನ ಇಳಿಜಾರು ಮಾಡು ಹಾಕಿಸುತ್ತಾರೆ. ನಮ್ಮ ಹಿರಿಯರು ಒಂದೇ ಮಾಡಿನಲ್ಲಿ ಮುಗಿಸಿದ ಕೆಲಸಕ್ಕೆ ನಾವು ಎರಡು ಮಾಡುಗಳ ವೆಚ್ಚ ಮಾಡುತ್ತಿದ್ದೇವೆ.

ನಮ್ಮ ಬಂಧುಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಕೆಲವರು ತರವಾಡು ಮನೆಯನ್ನು ಕೆಡವುವ ಆಲೋಚನೆಯಲ್ಲಿದ್ದೀರಿ. ಪಕಾಸಿಗೆ ಗೆದ್ದಲು ಹಿಡಿಯುವುದು, ಮಂಗಗಳು ಹೆಂಚನ್ನು ಪುಡಿಮಾಡುವುದು, ಕೆಲಸ ಬಲ್ಲ ಆಚಾರಿಗಳು ಸಿಗದಿರುವುದು ನನಗೂ ಗೊತ್ತು. ಆದರೂ ನಿರ್ಧರಿಸುವ ಮುನ್ನ ಮರವನ್ನೊಮ್ಮೆ ಪರೀಕ್ಷಿಸಿ ನೋಡಿ. ಕೆಡವಲೇಬೇಕಾದರೆ ಗಟ್ಟಿಯಿರುವ ಹೆಂಚು, ಮರಗಳನ್ನು ಹೊಸ ಮನೆಗೆ ಬಳಸಿರಿ. ಮನೆಯ ಚಿತ್ರಗಳನ್ನು ತೆಗೆದಿಡಿರಿ. ಹೆಂಚಿನ ಮೇಲೆ ಅಚ್ಚೊತ್ತಿರುವ ಕಾರ್ಖಾನೆಯ ಹೆಸರನ್ನು ಮಕ್ಕಳಿಂದ ಓದಿಸಿರಿ. ಆ ಕಾರ್ಖಾನೆಗಳಲ್ಲಿ ಹೆಚ್ಚಿನವು ಇಂದು ಮುಚ್ಚಿಹೋಗಿವೆ.