ಅಲೆಯ ಮಗನ ಹೆಸರು

ವೇಲ್ಸ್ ನಾಡಿನ ಮಧ್ಯಯುಗದ ಗದ್ಯಕಥೆಗಳ ಸಂಕಲನ ‘ಮಾಬಿನೋಗಿಯನ್’. ಅದರಲ್ಲಿ ಒಂದು ಶಿಶು, ದೀಕ್ಷಾಸ್ನಾನವಾಗಿ ಹೆಸರಿಟ್ಟೊಡನೆಯೇ ಕಡಲಿಗಿಳಿದು ಮೀನಿನಂತೆ ಈಜತೊಡಗುತ್ತದೆ. ಅಲೆಯ ಮಗನೆನಿಸಿದ ಆ ಶಿಶುವಿನ ಹೆಸರು ಡಿಲನ್. ಪದದಲ್ಲೇ ಕಡಲಿನ ಅರ್ಥವಿದೆ. ಬಳಕೆಯಲ್ಲಿ ಬಹು ವಿರಳವಾಗಿದ್ದ ಈ ಹೆಸರನ್ನು 1914ರಲ್ಲಿ ಸ್ವಾನ್‌ಸೀ ಪಟ್ಟಣದ ಇಂಗ್ಲಿಷ್ ಅಧ್ಯಾಪಕರೊಬ್ಬರು ತಮ್ಮ ಮಗನಿಗೆ ಇಟ್ಟರು. ಆ ಮಗನೇ ಮುಂದೆ ಕವಿ ಡಿಲನ್ ಥಾಮಸ್ ಎಂದು ಪ್ರಸಿದ್ಧರಾದರು.

ತಂದೆತಾಯಿಗಳಿಬ್ಬರೂ ವೆಲ್ಷ್ ಭಾಷೆ ಬಲ್ಲವರು. ಮಗನಿಗೆ ಮಾತ್ರ ಅದನ್ನು ಕಲಿಸಲಿಲ್ಲ. ಇಂಗ್ಲಿಷೇ ಏಳಿಗೆಯ ದಾರಿಯೆಂಬ ನಂಬಿಕೆ ಅಂದು ಬಲವಾಗಿತ್ತು. ವೆಲ್ಷ್ ಉಚ್ಚಾರಣೆ ‘ಡಲನ್’ ಎಂಬುದಕ್ಕೆ ಸಮೀಪವಾದುದು. ಇಂಗ್ಲಿಷಿನಲ್ಲಿ ‘ಡಲ್’ ಎಂದರೆ ಮಂದ; ಜೊತೆಯವರು ಹಾಸ್ಯಮಾಡಿಯಾರೆಂದು ತಾಯಿ ಅಳುಕಿದರು. ಕವಿಯೂ ‘ಡಿಲನ್’ ಎಂಬ ಇಂಗ್ಲಿಷ್ ಉಚ್ಚಾರಣೆಯನ್ನೇ ಒಪ್ಪಿಕೊಂಡರು.

1953ರಲ್ಲಿ ಅವರು ನ್ಯೂಯಾರ್ಕಿನಲ್ಲಿ ತೀರಿಕೊಂಡರು. 1962ರಲ್ಲಿ ಅಮೆರಿಕದ ಗಾಯಕ ರಾಬರ್ಟ್ ಜಿಮ್ಮರ್‌ಮನ್ ಕಾನೂನಿನ ಪ್ರಕಾರವೇ ಬಾಬ್ ಡಿಲನ್ ಆದರು. 2016ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಪಾರಿತೋಷಕ ದೊರೆಯಿತು. ಈ ನಡುವೆ ಹೆಸರು ವೇಲ್ಸನ್ನು ದಾಟಿ, ಆ ಕಡಲಕಥೆಯನ್ನೇ ಕೇಳದವರ ಮನೆಯ ತೊಟ್ಟಿಲುಗಳನ್ನೂ ಸೇರಿತು.

ನುಡಿಯನ್ನು ಕೊಡದ ತಂದೆ ಆ ನುಡಿಯ ಒಂದು ಪದವನ್ನು ಮಗನಿಗೆ ಕೊಟ್ಟರು. ಪದವೇನೋ ಲೋಕ ಸುತ್ತಿತು. ತನ್ನ ದನಿಯನ್ನು ಮಾತ್ರ ತೌರಿನಲ್ಲಿಯೇ ಬಿಟ್ಟುಹೋಯಿತು. ಹೆಸರು ಬಾಳಿದ ಮಾತ್ರಕ್ಕೆ ನುಡಿ ಬಾಳಿತೆನ್ನಲಾದೀತೆ?