ಹಳ್ಳಿಕಾರ್ ತಳಿಯೂ ಬೀಜಕ್ಷೇತ್ರವಿಚಾರವೂ

೧

ನಾಗಮಂಗಲ ತಾಲ್ಲೂಕಿಗೆ ಸೇರಿದ ಬೆಳ್ಳೂರು ಹೊಯ್ಸಳರ ಕಾಲದಲ್ಲಿ ಉದ್ಭವನರಸಿಂಹಪುರವೆಂಬ ಹೆಸರಿನ ಅಗ್ರಹಾರವಾಗಿದ್ದಿತೆಂಬುದು ಶಾಸನಗಳ ವ್ಯಾಸಂಗ ಮಾಡುವವರಿಗೆ ವಿದಿತವಾದ ವಿಷಯವೇ ಸರಿ. ಮುಮ್ಮಡಿ ನರಸಿಂಹನ ದಂಡನಾಯಕನಾದ ಪೆರುಮಾಳೆಯ ಹೆಸರು ಈ ಊರಿನೊಡನೆ ಕೂಡಿಕೊಂಡಿರುವುದು. ಹೊಯ್ಸಳ ಶಾಸನಗಳ ಪರಿಪಾಟಿಯೂ ವಿದ್ವಾಂಸರಿಗೆ ತಿಳಿದುದೇ: ಯದುವಿನಿಂದ ಸಳನವರೆಗೂ, ಸಳನಿಂದ ಆಳುವ ದೊರೆಯವರೆಗೂ ವಂಶವನ್ನು ಹೇಳಿ, ಬಳಿಕ ದಾನಿಯ ಅನ್ವಯವನ್ನು ತಿಳಿಸಿ, ಆಮೇಲೆ ದತ್ತಿಯ ವಿವರಕ್ಕೆ ಬರುವುದು. ಇಂಥವನ ಮಗನು ಇಂಥವನೆಂದು ಕಲ್ಲಿನಲ್ಲಿ ಕೆತ್ತಿಸಿದವರಿಗೆ, ತಂದೆಯ ಗುಣವು ಮಗನಲ್ಲಿ ಇಳಿದುಬರುವುದೆಂಬ ನಂಬಿಕೆ ಇದ್ದೇ ಇದ್ದಿರಬೇಕು.

ಇದೇ ನೆಲದಲ್ಲಿ ಕಲ್ಲಿನ ಮೇಲೆ ಬರೆಯದ ಮತ್ತೊಂದು ವಂಶಾವಳಿಯೂ ಉಂಟು. ಅದು ಹಳ್ಳಿಕಾರ್ ದನಗಳದು. ಬೂದುಬಣ್ಣದ ಮೈ, ನಡುವೆ ತಗ್ಗು ಬಿದ್ದ ನೀಳವಾದ ಹಣೆ, ನೆತ್ತಿಯಲ್ಲಿ ಒತ್ತೊತ್ತಾಗಿ ಮೂಡಿ ಹಿಂದಕ್ಕೆ ಸಾಗಿ ತುದಿಯಲ್ಲಿ ಮುಂದಕ್ಕೆ ಬಾಗುವ ಉದ್ದನೆಯ ಕೊಂಬು, ಸಪೂರವಾದ ಗಟ್ಟಿ ಕಾಲು, ಇವು ಆ ತಳಿಯ ಲಕ್ಷಣಗಳು. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿಯೂ ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದಲ್ಲಿಯೂ ಕೂಡುವ ದನಗಳ ಜಾತ್ರೆಗಳಲ್ಲಿ ಈ ದನಗಳನ್ನು ಸಾಲುಸಾಲಾಗಿ ನೋಡಬಹುದು. ಕರುವನ್ನು ಕೊಳ್ಳಬಂದ ರೈತನು ಅದರ ಗೊರಸು, ಹಲ್ಲು, ಸುಳಿ, ಕೊಂಬಿನ ಬುಡ ಇವುಗಳನ್ನು ನೋಡಿದಮೇಲೆ ಮಾರುವವನನ್ನು ಕೇಳುವುದು ಹೀಗೆ: “ಯಾವ ಹೋರೀಗೆ ಹುಟ್ಟಿದ್ದಣ್ಣ ಇದು? ತಾಯಿ ಯಾರ ಮನೇದು?”

ಈ ಎರಡು ಪ್ರಶ್ನೆಗಳಲ್ಲಿ ನಮ್ಮ ಶಾಸ್ತ್ರಕಾರರು ಬೀಜ ಮತ್ತು ಕ್ಷೇತ್ರವೆಂದು ಕರೆದು ಚರ್ಚಿಸಿದ ವಿಷಯವೆಲ್ಲವೂ ಅಡಗಿರುವುದು. ಹಳ್ಳಿಕಾರ್ ತಳಿಯ ಚರಿತ್ರೆಯನ್ನು ಮುಂದಿಟ್ಟುಕೊಂಡು ಆ ಚರ್ಚೆಯನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೨

ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಬೀಜವು ಹೆಚ್ಚೋ ಕ್ಷೇತ್ರವು ಹೆಚ್ಚೋ ಎಂಬ ವಿಚಾರ ಬಂದಿದೆ. ಒಂದೇ ಹೊಲದಲ್ಲಿ ಬೇರೆ ಬೇರೆ ಕಾಳುಗಳನ್ನು ಬಿತ್ತಿದರೆ ಅವು ತಮ್ಮ ತಮ್ಮ ಬೀಜದಂತೆಯೇ ಬೆಳೆಯುವುವಾದ್ದರಿಂದ ಬೀಜವೇ ಪ್ರಧಾನವೆಂದು ಅಲ್ಲಿ ಹೇಳಲ್ಪಟ್ಟಿದೆ. ಆದರೆ ಅದೇ ಪ್ರಕರಣದಲ್ಲಿ, ಒಬ್ಬನ ಗೂಳಿಯು ಪರರ ಹಸುಗಳಲ್ಲಿ ನೂರು ಕರುಗಳನ್ನು ಹುಟ್ಟಿಸಿದರೂ ಆ ಕರುಗಳು ಹಸುವಿನ ಒಡೆಯರಿಗೇ ಸೇರತಕ್ಕುವೆಂದೂ ನಿರ್ಣಯವಿದೆ. ಮೇಲುನೋಟಕ್ಕೆ ಇದು ಪೂರ್ವಾಪರವಿರೋಧದಂತೆ ಕಾಣುವುದು. ವಿಚಾರಿಸಿದರೆ ವಿರೋಧವಿಲ್ಲ. ಮೊದಲನೆಯದು ಗುಣದ ಮಾತು, ಎರಡನೆಯದು ಸ್ವತ್ತಿನ ಮಾತು. ಧರ್ಮಶಾಸ್ತ್ರಕ್ಕೆ ಮುಖ್ಯವಾದುದು ಸ್ವತ್ತು. ಆದಕಾರಣ ಗುಣದ ವಿಚಾರವು ಅಲ್ಲಿ ಹೊಲದ ದೃಷ್ಟಾಂತವನ್ನು ದಾಟಿ ಮುಂದುವರಿಯಲಿಲ್ಲ.

ಅದನ್ನು ಮುಂದುವರಿಸಿದವರು ವೈದ್ಯರು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭವು ತಾಯಿ, ತಂದೆ, ಆತ್ಮ, ಸಾತ್ಮ್ಯ, ರಸ, ಸತ್ತ್ವ ಎಂಬ ಆರರ ಸಮುದಾಯದಿಂದ ಆಗುವುದೆಂದು ಹೇಳಿದೆ. ಮನುಷ್ಯನಿಂದ ಮನುಷ್ಯನೇ ಹುಟ್ಟುವುದಾದರೆ ಕುರುಡನ ಮಗನು ಕುರುಡನೂ ಕುಂಟನ ಮಗನು ಕುಂಟನೂ ಏಕೆ ಆಗುವುದಿಲ್ಲವೆಂದು ಭರದ್ವಾಜನು ಅಲ್ಲಿ ಆಕ್ಷೇಪಿಸುವನು. ಅದಕ್ಕೆ ಆತ್ರೇಯನ ಸಮಾಧಾನವು ಗಮನಾರ್ಹವಾದುದು: ಬೀಜದಲ್ಲಿ ಒಂದೊಂದು ಅಂಗಕ್ಕೆ ಕಾರಣವಾದ ಒಂದೊಂದು ಭಾಗವುಂಟು, ಆ ಭಾಗವು ಕೆಟ್ಟಿದ್ದರೆ ಮಾತ್ರ ಆ ಅಂಗದಲ್ಲಿ ವಿಕಾರವಾಗುವುದು, ಇಲ್ಲದಿದ್ದರೆ ಇಲ್ಲ. ಅಂದರೆ ತಂದೆಯ ಶರೀರದಲ್ಲಿ ಕಾಣುವುದು ಬೇರೆ, ಆತನ ಬೀಜದಲ್ಲಿ ಇರುವುದು ಬೇರೆ. ಈ ಭೇದವನ್ನು ಕಂಡುದು ಅಸಾಧಾರಣವಾದ ಬುದ್ಧಿ. ಹಾಗೆಂದು ಇಂದಿನ ವಿಜ್ಞಾನವೆಲ್ಲವೂ ಚರಕನಲ್ಲಿ ಅಡಗಿತ್ತೆಂದು ಸಾಧಿಸಹೊರಡುವುದು ಶಾಸ್ತ್ರಕ್ಕೆ ಗೌರವ ತರುವ ಮಾತಲ್ಲ. ಆ ಭಾಗಗಳು ಎಷ್ಟು, ಯಾವ ನಿಯಮದಿಂದ ಸಂತಾನಕ್ಕೆ ಹಂಚಿಹೋಗುವುವು ಎಂಬುದನ್ನು ಎಣಿಸಿ ನೋಡುವ ಮಾರ್ಗವು ಆತನಿಗೆ ದೊರೆತಿರಲಿಲ್ಲ.

ದನಗಳ ವಿಷಯದಲ್ಲಿಯೇ ಹೇಳುವುದಾದರೆ, ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗೋಲಕ್ಷಣಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಕನ್ನಡದಲ್ಲಿ ಕೀರ್ತಿವರ್ಮನ ಗೋವೈದ್ಯವು ಪ್ರಸಿದ್ಧವಾದುದು. ಲಕ್ಷಣವನ್ನೂ ಚಿಕಿತ್ಸೆಯನ್ನೂ ಗ್ರಂಥಸ್ಥ ಮಾಡಿದವರು ನಮ್ಮಲ್ಲಿದ್ದರು. ಆದರೆ ಒಳ್ಳೆಯ ಲಕ್ಷಣವು ತಲೆಮಾರಿನಿಂದ ತಲೆಮಾರಿಗೆ ಉಳಿದುಬರುವಂತೆ ಮಾಡಿದ ಕೆಲಸವು ನಡೆದುದು ಗ್ರಂಥದಲ್ಲಲ್ಲ, ಹಟ್ಟಿಗಳಲ್ಲಿ ಮತ್ತು ಕಾವಲುಗಳಲ್ಲಿ.

೩

ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಯು ೧೫೭೨ಕ್ಕೂ ೧೬೦೦ಕ್ಕೂ ನಡುವೆ ಹಳ್ಳಿಕಾರ್ ಹಸುಗಳ ಮಂದೆಯನ್ನು ಕೂಡಿಸಿದನೆಂದು ಮೈಸೂರಿನ ಚರಿತ್ರೆಯಿಂದ ತಿಳಿದುಬರುವುದು. ಇದಕ್ಕೆ ಕರುಹಟ್ಟಿಯೆಂಬ ಹೆಸರಿದ್ದಿತು. ಆ ಮಂದೆಯು ಬಳಿಕ ಮೈಸೂರು ಒಡೆಯರ ವಶಕ್ಕೆ ಬಂದಿತು. ಚಾಮರಾಜ ಒಡೆಯರೂ ಕಂಠೀರವ ನರಸರಾಜ ಒಡೆಯರೂ ಅದನ್ನು ಬೆಳೆಸಿದರು. ೧೬೭೨ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅದಕ್ಕೆ ಬೆಣ್ಣೆ ಚಾವಡಿಯೆಂಬ ಪ್ರತ್ಯೇಕ ಇಲಾಖೆಯನ್ನೇ ಏರ್ಪಡಿಸಿ, ರಾಜ್ಯದ ನಾನಾಭಾಗಗಳಲ್ಲಿ ಹುಲ್ಲುಗಾವಲುಗಳನ್ನು ಬಿಟ್ಟರು. ಬೇಸಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಎಂದು ಕಾವಲುಗಳು ವಿಂಗಡವಾಗಿದ್ದು, ಮಂದೆಗಳು ಋತುವಿಗೆ ತಕ್ಕಂತೆ ಒಂದರಿಂದ ಒಂದಕ್ಕೆ ಹೋಗುತ್ತಿದ್ದುವು.

ಹೆಸರಿನಿಂದ ಅದು ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಇಲಾಖೆ. ಕಾಲಕ್ರಮದಲ್ಲಿ ಅದರ ಮುಖ್ಯ ಪ್ರಯೋಜನವು ದಂಡಿಗೆ ಎತ್ತುಗಳನ್ನು ಒದಗಿಸುವುದಾಯಿತು. ಹೈದರಾಲಿಯು ಇದರ ಬೆಲೆಯನ್ನು ಚೆನ್ನಾಗಿ ಅರಿತಿದ್ದನು. ೧೭೮೧ರಲ್ಲಿ ಚಿದಂಬರದ ರಕ್ಷಣೆಗಾಗಿ ಆತನು ಎರಡೂವರೆ ದಿವಸಗಳಲ್ಲಿ ನೂರು ಮೈಲಿ ದಾರಿಯನ್ನು ನಡೆದುದು ಈ ಎತ್ತುಗಳ ಬಲದಿಂದಲೇ ಎಂದು ಹೇಳುವುದುಂಟು. ಟಿಪ್ಪುಸುಲ್ತಾನನು ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟು, ಮಂದೆಗಳ ಪಾಲನೆಯ ವಿಷಯವಾಗಿ ಹುಕುಂನಾಮೆಯನ್ನು ಹೊರಡಿಸಿದನು. ಅಮೃತಮಹಲ್ ಎಂಬುದು ಮೊದಲು ಇಲಾಖೆಯ ಹೆಸರೇ ಹೊರತು ತಳಿಯ ಹೆಸರಲ್ಲ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳು ಅದರಲ್ಲಿ ಸೇರಿದ್ದುವು. ಬಹುಕಾಲ ಒಟ್ಟಿಗೆ ಸಾಕಿ ಆರಿಸಿದುದರಿಂದ ಅವು ಕೂಡಿ ಒಂದು ತಳಿಯಾಗಿ, ಇಲಾಖೆಯ ಹೆಸರೇ ತಳಿಯ ಹೆಸರಾಗಿ ನಿಂತಿತು.

ಆಮೇಲಣ ಚರಿತ್ರೆಯು ನಮ್ಮ ವಿಚಾರಕ್ಕೆ ಇನ್ನೂ ಮುಖ್ಯವಾದುದು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಮಂದೆಗಳ ಮೇಲ್ವಿಚಾರಣೆ ಸಡಿಲವಾಗಿ, ಹದಿನಾಲ್ಕು ವರ್ಷಗಳೊಳಗಾಗಿ ದನಗಳು ಸಂಖ್ಯೆಯಲ್ಲಿಯೂ ಗುಣದಲ್ಲಿಯೂ ಇಳಿದುಹೋದುವು. ೧೮೧೩ರಲ್ಲಿ ಮದರಾಸು ಸೈನ್ಯದ ಅಧಿಕಾರಿಯಾದ ಕ್ಯಾಪ್ಟನ್ ಹಾರ್ವೆಯ ವಶಕ್ಕೆ ಬಂದಮೇಲೆ ಪುನಃ ಚೇತರಿಸಿಕೊಂಡುವು. ೧೮೬೦ರಲ್ಲಿ ಮಿತವ್ಯಯದ ನೆವದಿಂದ ಇಲಾಖೆಯನ್ನೇ ಮುರಿದು ದನಗಳನ್ನು ಮಾರಿಬಿಟ್ಟರು. ಹಲವು ದನಗಳು ಈಜಿಪ್ಟಿಗೂ ಹೋದುವು. ಎತ್ತುಗಳ ಅಭಾವವು ಕಾಣಿಸಿಕೊಂಡಾಗ ತಪ್ಪು ತಿಳಿದು, ೧೮೬೬ರಲ್ಲಿ ಚದುರಿದುದನ್ನು ಮರಳಿ ಕೂಡಿಸುವ ಪ್ರಯತ್ನವು ಆರಂಭವಾಯಿತು. ೧೮೮೨ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಸೇರಿತು. ಮುಂದೆ ಅಜ್ಜಂಪುರವು ಅಮೃತಮಹಲ್ ತಳಿಯ ಸಂವರ್ಧನೆಗೆ ಕೇಂದ್ರವಾಯಿತು.

ಒಂದೇ ಬೀಜವು ಒಂದೇ ನೆಲದಲ್ಲಿ ಹದಿನಾಲ್ಕು ವರ್ಷಗಳಲ್ಲಿ ಏಕೆ ಇಳಿಯಿತು? ಮೇವಿನ ಕೊರತೆಯೂ ಒಂದು ಕಾರಣವಾಗಿರಬಹುದು. ಆದರೆ ಮುಖ್ಯವಾದ ಕಾರಣವನ್ನು ಯಾವ ರೈತನಾದರೂ ಹೇಳಬಲ್ಲನು. ಬೀಜದ ಹೋರಿಯನ್ನು ಆರಿಸಿ, ಉಳಿದ ಹೋರಿಗಳ ಬೀಜ ಒಡೆಸುವ ಕೆಲಸವು ನಿಂತರೆ, ಮಂದೆಯಲ್ಲಿ ಬಲ್ಲದ ಹೋರಿಯೂ ಬಲ್ಲ ಹೋರಿಯೂ ಸಮನಾಗುವುವು. ಹಾಗಾದರೆ ತಳಿಯೆಂಬುದು ಬೀಜವೊಂದರಿಂದಲೇ ಆದುದಲ್ಲ, ಕ್ಷೇತ್ರವೊಂದರಿಂದಲೂ ಆದುದಲ್ಲ. ಆಯ್ಕೆಯೆಂಬ ಮೂರನೆಯದೊಂದು ಬೇಕು.

೪

ಈ ಮೂರನೆಯದು ಏಕೆ ಬೇಕೆಂಬುದಕ್ಕೆ ಉಪಪತ್ತಿಯು ದೊರೆತುದು ಬ್ರನೋ ನಗರದ ಒಂದು ಮಠದ ತೋಟದಲ್ಲಿ. ಗ್ರೆಗೊರ್ ಮೆಂಡೆಲ್ ಎಂಬ ಸಂನ್ಯಾಸಿಯು ಬಟಾಣಿ ಗಿಡಗಳನ್ನು ಕೂಡಿಸಿ ಬೆಳೆದು, ಫಲಿತಾಂಶವನ್ನು ೧೮೬೬ರಲ್ಲಿ ಪ್ರಕಟಿಸಿದನು. ಇತ್ತ ನಮ್ಮ ಚದುರಿದ ಮಂದೆಗಳನ್ನು ಮರಳಿ ಕೂಡಿಸಿದುದೂ ಅದೇ ವರ್ಷವೆಂಬುದು ಕಾಕತಾಳೀಯವಾದರೂ ನೆನಪಿಡತಕ್ಕ ಸಂಗತಿ. ದುಂಡು ಕಾಳಿನ ಗಿಡವನ್ನೂ ಸುಕ್ಕು ಕಾಳಿನ ಗಿಡವನ್ನೂ ಕೂಡಿಸಿದಾಗ ಮೊದಲ ತಲೆಮಾರಿನಲ್ಲಿ ಎಲ್ಲವೂ ದುಂಡಾದುವು. ಅವುಗಳ ಸಂತಾನದಲ್ಲಿಯಾದರೋ ೭,೩೨೪ ಕಾಳುಗಳ ಪೈಕಿ ೫,೪೭೪ ದುಂಡು, ೧,೮೫೦ ಸುಕ್ಕು. ಹೆಚ್ಚುಕಡಮೆ ಮೂರಕ್ಕೆ ಒಂದು. ಅಳಿದುಹೋಯಿತೆಂದು ತೋರಿದ ಗುಣವು ಅಳಿದಿರಲಿಲ್ಲ, ಅವ್ಯಕ್ತವಾಗಿದ್ದಿತು. ಪ್ರತಿಯೊಂದು ಗುಣಕ್ಕೂ ಸಂತಾನವು ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಅಂಶಗಳನ್ನು ಪಡೆಯುವುದೆಂದು ಆತನು ನಿರ್ಣಯಿಸಿದನು. ೧೯೦೦ರವರೆಗೆ ಈ ಲೇಖನವನ್ನು ಯಾರೂ ಆದರಿಸಲಿಲ್ಲ. ೧೯೦೯ರಲ್ಲಿ ಯೊಹಾನ್‌ಸನ್ ಎಂಬ ಪಂಡಿತನು ಆ ಅಂಶಕ್ಕೆ ಜೀನ್ ಎಂದು ಹೆಸರಿಟ್ಟನು, ಕನ್ನಡದಲ್ಲಿ ವಂಶವಾಹಿಯೆನ್ನುವೆವು. ಅದು ಡಿಎನ್‌ಎ ಎಂಬ ವಸ್ತುವಿನ ಎಳೆಯಲ್ಲಿರುವುದೆಂದು ತಿಳಿದು, ಆ ಎಳೆಯ ರಚನೆಯು ೧೯೫೩ರಲ್ಲಿ ಗೊತ್ತಾಯಿತು.

ದನಗಳ ಜೀವಕೋಶದಲ್ಲಿ ಅರವತ್ತು ವರ್ಣತಂತುಗಳಿರುವುವು. ಮೂವತ್ತು ತಾಯಿಯವು, ಮೂವತ್ತು ತಂದೆಯವು. ಜಾತ್ರೆಯ ರೈತನ ಎರಡು ಪ್ರಶ್ನೆಗಳಿಗೆ ಇದು ಲೆಕ್ಕದ ಉತ್ತರ. ಬೀಜವು ಹೆಚ್ಚೋ ಕ್ಷೇತ್ರವು ಹೆಚ್ಚೋ ಎಂಬ ವಾದವೂ ಇಲ್ಲಿಗೆ ಬೇರೆ ರೂಪವನ್ನು ತಾಳುವುದು. ತಾಯಿಯು ಬರಿಯ ಕ್ಷೇತ್ರವಲ್ಲ, ಅರ್ಧ ಬೀಜವೂ ಆಕೆಯದೇ.

ಕೊಂಬಿನಂಥ ಗುಣವು ಒಂದೆರಡು ವಂಶವಾಹಿಗಳ ಅಧೀನವಾಗಿರಬಹುದು. ಆದರೆ ಓಟ, ದಮ್ಮು, ಬಿಸಿಲನ್ನು ತಡೆಯುವ ಶಕ್ತಿ, ಹಾಲಿನ ಪ್ರಮಾಣ ಇವು ಅನೇಕ ವಂಶವಾಹಿಗಳ ಕೂಟದಿಂದ ಆಗತಕ್ಕುವು. ಒಂದೊಂದರ ಪಾಲು ಅತ್ಯಲ್ಪ, ಜೊತೆಗೆ ಮೇವು ಆರೈಕೆಗಳ ಪಾಲೂ ಉಂಟು. ಇಂತಹ ಕೂಟವು ಪ್ರತಿ ತಲೆಮಾರಿನಲ್ಲಿಯೂ ಚೆದರಿ ಹೊಸದಾಗಿ ಕೂಡುವುದು. ಆದುದರಿಂದಲೇ ಒಳ್ಳೆಯ ಹೋರಿಯ ಕರುಗಳೆಲ್ಲವೂ ಒಳ್ಳೆಯವಾಗವು, ಆರಿಸುವ ಕೈ ಸಡಿಲವಾದೊಡನೆ ಮಂದೆಯು ಇಳಿಯುವುದು. ನಮ್ಮ ಪೂರ್ವಿಕರು ದುಡಿಮೆಗೆಂದು ಆರಿಸಿದರು, ಹಾಲಿಗೆಂದು ಆರಿಸಲಿಲ್ಲ. ಹಳ್ಳಿಕಾರ್ ಹಸುವಿನ ಹಾಲು ಕಡಮೆಯೆಂಬ ದೂರು ಆ ಆಯ್ಕೆಯ ಫಲವೇ ಹೊರತು ಬೀಜದ ದೋಷವಲ್ಲ.

ಸುಳಿಗಳ ವಿಷಯದಲ್ಲಿ ಒಂದು ಮಾತು. ಗೊರಸು, ಕಾಲು, ಎದೆ ಇವುಗಳ ಲಕ್ಷಣಕ್ಕೂ ದುಡಿಮೆಗೂ ಸಂಬಂಧವುಂಟು. ಇಂತಹ ಸುಳಿಯಿದ್ದರೆ ಯಜಮಾನನಿಗೆ ಕೇಡೆಂಬುದಕ್ಕೆ ಪ್ರಮಾಣವಿಲ್ಲ. ಒಳ್ಳೆಯ ಹೋರಿಯೊಂದನ್ನು ಸುಳಿಯ ಕಾರಣದಿಂದ ತಳ್ಳಿಬಿಟ್ಟರೆ ನಷ್ಟವು ತಳಿಗೆ.

೫

ವಂಶಾವಳಿಗಳನ್ನು ಓದುವ ನಮಗೂ ಇಲ್ಲಿ ಒಂದು ಪಾಠವಿದೆ. ಹತ್ತು ತಲೆಮಾರು ಹಿಂದಕ್ಕೆ ಎಣಿಸಿದರೆ ಒಬ್ಬನಿಗೆ ಆ ಒಂದು ಹಂತದಲ್ಲಿಯೇ ೧,೦೨೪ ಮಂದಿ ಪೂರ್ವಿಕರ ಸ್ಥಾನಗಳಿರುವುವು. ಶಾಸನದ ವಂಶಾವಳಿಯು ಅವರಲ್ಲಿ ಒಬ್ಬನನ್ನು ಹೆಸರಿಸುವುದು. ಉಳಿದ ೧,೦೨೩ ಮಂದಿಯ ಬೀಜಭಾಗಗಳಿಗೆ ಹೆಸರಿಲ್ಲ. ಅವರಲ್ಲಿ ಅರ್ಧದಷ್ಟು ಜನ ಸ್ತ್ರೀಯರು. ಆದಕಾರಣ ಇಂಥವನ ವಂಶದಲ್ಲಿ ಹುಟ್ಟಿದವನಾದ್ದರಿಂದ ಇಂತಹ ಗುಣವುಳ್ಳವನೆಂಬ ಮಾತು ಕಾವ್ಯದಲ್ಲಿ ಅಲಂಕಾರವಾಗಿ ನಿಲ್ಲಬಹುದು, ಪ್ರಮಾಣವಾಗಿ ನಿಲ್ಲಲಾರದು. ದನವನ್ನು ಒಂದು ಪ್ರಯೋಜನಕ್ಕೆಂದು ನೂರಾರು ವರ್ಷ ಆರಿಸಿ ಬೆಳೆಸಿದ ನ್ಯಾಯವನ್ನು ಮನುಷ್ಯರ ಕುಲಾಭಿಮಾನಕ್ಕೆ ಅನ್ವಯಿಸುವುದು ಸಲ್ಲದು.

ಹಸ್ತಪ್ರತಿಗಳ ದೃಷ್ಟಾಂತವು ಈ ಪತ್ರಿಕೆಯ ವಾಚಕರಿಗೆ ಹೆಚ್ಚು ಹೃದ್ಗತವಾದೀತು. ಲಿಪಿಕಾರನ ಕೈತಪ್ಪು ಅವನ ಪ್ರತಿಯಿಂದ ಹುಟ್ಟಿದ ಪ್ರತಿಗಳಿಗೆಲ್ಲ ಇಳಿಯುವುದು. ಸಮಾನವಾದ ತಪ್ಪುಗಳನ್ನು ನೋಡಿ ಸಂಪಾದಕನು ಪ್ರತಿಗಳ ಸಂತತಿಯನ್ನು ಗೊತ್ತುಮಾಡುವನು. ಡಿಎನ್‌ಎಯಲ್ಲಿ ಆಗುವ ಪಾಠಾಂತರಗಳಿಂದ ದನಗಳ ಸಂತತಿಯನ್ನು ಇಂದು ಹೀಗೆಯೇ ಗೊತ್ತುಮಾಡುತ್ತಾರೆ. ದನದ ಈ ಗ್ರಂಥದ ಪೂರ್ಣಪಾಠವು ಮೊದಲು ಪ್ರಕಟವಾದುದು ೨೦೦೯ರಲ್ಲಿ. ಆದರೆ ಅದು ಯೂರೋಪಿನ ಹೆರಿಫೋರ್ಡ್ ತಳಿಯ ಹಸುವೊಂದರ ಪ್ರತಿ. ಒಂದು ಪ್ರತಿ ಅಚ್ಚಾದ ಮಾತ್ರಕ್ಕೆ ಉಳಿದ ಓಲೆಗಳನ್ನು ಹೊಳೆಗೆ ಹಾಕುವ ಸಂಪಾದಕನುಂಟೆ?

ಕಳೆದ ಶತಮಾನದ ಉತ್ತರಾರ್ಧದಿಂದ ಉಳುಮೆಗೆ ಟ್ರ್ಯಾಕ್ಟರು ಬಂದು, ಹಾಲಿಗಾಗಿ ಪರದೇಶದ ಹೋರಿಗಳ ಬೀಜವು ಬಂದಿತು. ಮಿಶ್ರತಳಿಯ ಹಸುವಿನಿಂದ ಸಂಸಾರ ಸಾಗಿಸುವ ರೈತನನ್ನು ಆಕ್ಷೇಪಿಸುವ ಅಧಿಕಾರವು ನಮಗಿಲ್ಲ. ಆದರೆ ಮೆಂಡೆಲನ ಬಟಾಣಿಯಂತೆ, ಮೊದಲ ತಲೆಮಾರಿನಲ್ಲಿ ಒಂದೇ ಸಮನಾಗಿ ಚೆನ್ನಾಗಿ ಕಾಣುವ ಮಿಶ್ರಸಂತಾನವು ಮುಂದಿನ ತಲೆಮಾರುಗಳಲ್ಲಿ ನಾನಾ ವಿಧವಾಗಿ ಒಡೆಯುವುದು. ಆಗ ಮೂಲಕ್ಕೆ ಹಿಂದಿರುಗಬೇಕಾದರೆ ಮೂಲವು ಎಲ್ಲಿಯಾದರೂ ಇರಬೇಕು. ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಸರ್ಕಾರದ ಹಳ್ಳಿಕಾರ್ ಕ್ಷೇತ್ರವಿದೆ. ಆದರೆ ೧೭೯೯, ೧೮೬೦ರ ಚರಿತ್ರೆಯನ್ನು ಓದಿದವರು ಇಲಾಖೆಯೊಂದನ್ನೇ ನಂಬಿ ಕೂರಲಾರರು. ಹಟ್ಟಿಯಲ್ಲಿ ನಾಲ್ಕಾರು ದನ ಕಟ್ಟಿಕೊಂಡು, ಜಾತ್ರೆಯಲ್ಲಿ ಆ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುವ ಒಕ್ಕಲು ಮನೆಗಳೇ ಈ ತಳಿಯ ನಿಜವಾದ ಭಂಡಾರ.

ಆದುದರಿಂದ ವಿದ್ವಾಂಸರಲ್ಲಿಯೂ ಉಪಾಧ್ಯಾಯರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೆ. ಬೆಳ್ಳೂರಿನ ಶಾಸನಗಳನ್ನು ನೋಡಲು ಬಂದವರು ಅಲ್ಲಿಗೇ ನಿಲ್ಲದೆ, ಸುತ್ತಣ ಹಳ್ಳಿಗಳಲ್ಲಿ ದನ ಸಾಕುವ ಹಿರಿಯರನ್ನು ಕಂಡು, ಯಾವ ಮನೆಯ ಹಸು ಯಾವ ಹೋರಿಗೆ ಈಯಿತೆಂಬುದನ್ನೂ, ಬಣ್ಣಕ್ಕೂ ಕೊಂಬಿಗೂ ನಡಗೆಗೂ ಅವರಾಡುವ ಮಾತುಗಳನ್ನೂ ಬರೆದುಕೊಳ್ಳತಕ್ಕುದು. ಅವರ ತರುವಾಯ ಅದನ್ನು ಹೇಳುವವರು ದೊರೆಯುವುದು ಕಷ್ಟ.